ನಿಮ್ಮೂರ ಗೋಮಾಳ ಉಳಿದೀತೇ?

ನಿಮ್ಮೂರ ಗೋಮಾಳ ಎಷ್ಟು ಎಕರೆ? ಅದರಲ್ಲಿ ಇಂದು ದನ ಮೇಯುವುದು ಎಷ್ಟರಲ್ಲಿ?

ನೂರು ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಬಿಡಬೇಕೆಂದು 1966ರ ಭೂಕಂದಾಯ ನಿಯಮಗಳು ಹೇಳುತ್ತವೆ. ಲೆಕ್ಕ ಕಾಗದದಲ್ಲಿದೆ, ನೆಲದ ಮೇಲೆ ಮಾತ್ರ ಅಕ್ಕಪಕ್ಕದ ಬೇಲಿ ವರ್ಷಕ್ಕಿಷ್ಟು ಒಳಕ್ಕೆ ಸರಿಯುತ್ತಿದೆ.

ಇದರಿಂದ ನಷ್ಟ ಯಾರಿಗೆ? ಹೊಲವಿದ್ದವರು ಬದುವಿನ ಹುಲ್ಲು, ಜೋಳದ ಸೊಪ್ಪೆ ಹಾಕಿ ಎತ್ತು ಸಾಕಿಯಾರು. ಒಂದು ಎಮ್ಮೆ, ಎರಡು ಮೇಕೆಯ ಮೇಲೆ ಸಂಸಾರ ನಡೆಸುವವರಿಗೆ ಗೋಮಾಳವೇ ಹೊಲ. ದನ ಕಾಯುವವರು ನೆರಳಲ್ಲಿ ಕೂತು ಮಳೆಬೆಳೆ ಮಾತಾಡುವುದೂ, ಮಕ್ಕಳು ಚೆಂಡಾಡುವುದೂ ಅಲ್ಲಿಯೇ.

‘ಬಡವರೂ ಅಲ್ಲಿ ಬಗರ್‌ಹುಕುಂ ಸಾಗುವಳಿ ಮಾಡುತ್ತಿಲ್ಲವೇ?’ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಊರೊಟ್ಟಿನ ಜಮೀನಿನ ಒತ್ತುವರಿ ತೆರವು ಮಾಡಿ ಗ್ರಾಮಕ್ಕೆ ಹಿಂದಿರುಗಿಸುವ ಯೋಜನೆ ರೂಪಿಸಿರೆಂದು ಸುಪ್ರೀಂ ಕೋರ್ಟು 2011ರ ಜನವರಿ 28ರಂದು ಎಲ್ಲ ರಾಜ್ಯಗಳಿಗೆ ಆದೇಶಿಸಿತು. ಸಕ್ರಮಕ್ಕೆ ಅವಕಾಶ ವಿಶೇಷ ಸಂದರ್ಭಗಳಲ್ಲಿ ಮಾತ್ರ. ಸರ್ಕಾರದ ಅಧಿಸೂಚನೆಯಂತೆ ಭೂಹೀನ ಕೂಲಿಕಾರರಿಗೆ, ಪರಿಶಿಷ್ಟರಿಗೆ ಗುತ್ತಿಗೆ ಕೊಟ್ಟ ಜಮೀನು, ಶಾಲೆ, ಔಷಧಾಲಯವಿರುವ ಜಾಗ ಇಂಥವನ್ನು ಅದು ಉದಾಹರಿಸಿತು. ಉಳ್ಳವರು ಬಡವರ ಹೆಸರು ಹೇಳಿ ಬೇಲಿ ಹಾಕಲು ಅಲ್ಲಿ ಆಸ್ಪದವಿಲ್ಲ.

ನೀವು ಮಾಡಬೇಕಾದ್ದಿಷ್ಟು. ಗೋಮಾಳದ ಪಹಣಿ ತೆಗೆಸಿ ಗ್ರಾಮಸಭೆಯಲ್ಲಿ ಓದಿಸಿ. ಅಳತೆ ಮಾಡಿಸಿ ಗಡಿಕಲ್ಲು ನೆಡುವಂತೆ ಠರಾವು ಮಾಡಿ ತಹಶೀಲ್ದಾರರಿಗೆ ಕಳಿಸಿ. ಜಾನುವಾರು ಗಣತಿಯವರು ಬಂದಾಗ ದನಕರುಗಳ ಲೆಕ್ಕ ಬಿಡದೆ ಬರೆಸಿ. ಎಣಿಕೆ ಕುಗ್ಗಿದಷ್ಟೂ ಗೋಮಾಳ ‘ಹೆಚ್ಚುವರಿ’ ಎನಿಸಿಕೊಂಡು ಬೇರೆಯವರ ಪಾಲಾಗಲು ದಾರಿಯಾಗುತ್ತದೆ.

ಒಮ್ಮೆ ಕೈಬಿಟ್ಟ ಗೋಮಾಳ ಮರಳಿ ಬರುವುದು ಕಷ್ಟ. ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ.