ಮದುವೆ ಮನೆಯ ಸಂಗೀತಗಾರರು: ಹಾಡು ಒಂದು ಸಂಜೆಯದು, ಸಂಸಾರ ವರ್ಷವಿಡೀ

ಕ್ರಿಸ್ಮಸ್ ಕಳೆದ ಮೇಲೆ ವಿಭೂತಿ ಬುಧವಾರದವರೆಗೆ, ಮತ್ತೆ ಪಾಸ್ಕ ಹಬ್ಬದಿಂದ ಮಳೆ ಹಿಡಿಯುವವರೆಗೆ ಕರಾವಳಿಯ ಸಭಾಂಗಣಗಳಿಗೆ ಬಿಡುವಿಲ್ಲ. ಗಲ್ಫ್‌ನಿಂದ, ಮುಂಬಯಿಯಿಂದ ರಜೆಯಲ್ಲಿ ಬಂದವರ ಮದುವೆಗಳು ಈ ಎರಡು ಅವಧಿಗಳಲ್ಲೇ ಹೆಚ್ಚು. ಮೊದಲು ರೋಸ್, ನಂತರ ಇಗರ್ಜಿಯಲ್ಲಿ ಬಲಿಪೂಜೆ, ಕೊನೆಗೆ ಸತ್ಕಾರ ಕೂಟ. ಎಲ್ಲ ಕಡೆಯೂ ಸಂಗೀತ ಬೇಕು. ಆದರೆ ನಮ್ಮ ಸಂತೋಷಕ್ಕೆ ಹಾಡುವವರ ಜೀವನ ಹೇಗೆ ನಡೆಯುತ್ತದೆ ಎಂದು ಕೇಳುವವರು ಕಡಿಮೆ.

ಕೊಂಕಣಿ ಸಂಗೀತಕ್ಕೆ ಬೇರೆ ವೇದಿಕೆ ಇಲ್ಲವೆಂದಲ್ಲ. 2010ರಲ್ಲಿ ಅಗಲಿದ ವಿಲ್ಫಿ ರೆಬಿಂಬಸ್ ತಮ್ಮ ನೈಟ್‌ಗಳ ಮೂಲಕ ಟಿಕೆಟ್ ಕೊಂಡು ಹಾಡು ಕೇಳುವ ಜನರನ್ನು ಬೆಳೆಸಿದರು. 1986ರಲ್ಲಿ ಆರಂಭವಾದ ಮಾಂಡ್ ಸೊಭಾಣ್ ಸಂಸ್ಥೆ ಶಕ್ತಿನಗರದ ಕಲಾಂಗಣದಲ್ಲಿ ಕಾರ್ಯಕ್ರಮಗಳನ್ನು ನಡೆಸುತ್ತಾ ಬಂದಿದೆ. ಇವು ಕಲಾವಿದನಿಗೆ ಹೆಸರು ಕೊಡುತ್ತವೆ. ಅಕ್ಕಿ, ಮೀನಿನ ಖರ್ಚು ಮಾತ್ರ ಮದುವೆ, ಮೆಹೆಂದಿ, ಹುಟ್ಟುಹಬ್ಬ, ಬೆಳ್ಳಿಹಬ್ಬಗಳ ಬುಕ್ಕಿಂಗ್‌ನಿಂದಲೇ ಹುಟ್ಟಬೇಕು.

ಲೆಕ್ಕ ಹಾಕಿ ನೋಡೋಣ. ಏಳು ಜನರ ತಂಡವೊಂದು ಒಂದು ಸಂಜೆಗೆ 40 ಸಾವಿರ ರೂಪಾಯಿಗೆ ಒಪ್ಪಿತು ಎಂದಿಟ್ಟುಕೊಳ್ಳಿ. ಧ್ವನಿವರ್ಧಕ, ದೀಪಗಳ ಬಾಡಿಗೆಗೆ 15 ಸಾವಿರ, ವ್ಯಾನಿಗೆ 3 ಸಾವಿರ ಹೋದರೆ ಉಳಿಯುವುದು 22 ಸಾವಿರ. ತಲಾ ಮೂರು ಸಾವಿರ ಚಿಲ್ಲರೆ. ಈ ಮೊತ್ತದಲ್ಲೇ ಎರಡು ದಿನದ ಅಭ್ಯಾಸವೂ ಸೇರಿದೆ, ಕೀಬೋರ್ಡಿನ ಸಾಲದ ಕಂತೂ ಸೇರಿದೆ. ವರ್ಷಕ್ಕೆ ಇಂತಹ 30 ಸಂಜೆಗಳು ಸಿಕ್ಕರೂ ಒಬ್ಬನ ಆದಾಯ ಒಂದು ಲಕ್ಷ ಮುಟ್ಟುವುದಿಲ್ಲ. "ಮೂರು ಗಂಟೆ ಹಾಡಲು ಇಷ್ಟು ಹಣವೇ?" ಎಂದು ಚೌಕಾಶಿ ಮಾಡುವವರು ಈ ಲೆಕ್ಕವನ್ನು ನೋಡಿರುವುದಿಲ್ಲ. (ಅದೇ ಮನೆಯವರು ವೇದಿಕೆಯ ಹೂವಿಗೆ ಚೌಕಾಶಿ ಮಾಡುವುದು ಅಪರೂಪ.)

ಉಳಿದ ತಿಂಗಳುಗಳ ಮಾತೇನು? ತಪಸ್ಸು ಕಾಲದಲ್ಲಿ, ಆಗಮನ ಕಾಲದಲ್ಲಿ ನಮ್ಮಲ್ಲಿ ಸಂಭ್ರಮದ ಮದುವೆಗಳಿಲ್ಲ. ಆಟಿ ತಿಂಗಳಲ್ಲಿ ತುಳುನಾಡಿನ ಹಿಂದೂ ಮನೆಗಳಲ್ಲೂ ಶುಭಕಾರ್ಯವಿಲ್ಲ. ಆದ್ದರಿಂದ ಹೆಚ್ಚಿನವರು ಸಂಗೀತ ಪಾಠ ಹೇಳುತ್ತಾರೆ, ಅಂಗಡಿಯಲ್ಲಿ ದುಡಿಯುತ್ತಾರೆ, ಇಲ್ಲವೇ ರಿಕ್ಷಾ ಓಡಿಸುತ್ತಾರೆ. ಬೇರೆ ಕೆಲಸವಿಲ್ಲದೆ ಸಂಗೀತವನ್ನೇ ನಂಬಿದವರ ಕಷ್ಟ ಏನೆಂಬುದು 2020ರಲ್ಲಿ ತಿಳಿಯಿತು. ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂತು, ಪಾಸ್ಕದ ನಂತರದ ಮದುವೆಗಳೆಲ್ಲ ಮುಂದೆ ಹೋದವು. ಮೇ ತಿಂಗಳಲ್ಲಿ 50 ಜನರ ಮಿತಿಯೊಂದಿಗೆ ಅನುಮತಿ ಸಿಕ್ಕಾಗ ಆ ಐವತ್ತರಲ್ಲಿ ಬ್ಯಾಂಡಿನವರಿಗೆ ಜಾಗ ಎಲ್ಲಿಂದ ಬರಬೇಕು?

ಸಮಯದ ತೊಂದರೆ ಇನ್ನೊಂದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಸ್ಥಳದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ನಿಯಮ ಸರಿಯೇ, ನೆರೆಮನೆಯಲ್ಲಿ ರೋಗಿಗಳಿರುತ್ತಾರೆ, ಪರೀಕ್ಷೆಗೆ ಓದುವ ಮಕ್ಕಳಿರುತ್ತಾರೆ. ಆದರೆ ಏಳಕ್ಕೆಂದ ಕೂಟ ಎಂಟಕ್ಕೆ ಆರಂಭವಾಗಿ, ಟೋಸ್ಟ್ ಹೇಳುವವರು ಅರ್ಧ ಗಂಟೆ ತೆಗೆದುಕೊಂಡು, ಹತ್ತಕ್ಕೆ ಐದು ನಿಮಿಷ ಇರುವಾಗ "ಇನ್ನೊಂದು ಬೈಲಾ" ಎಂದರೆ ಬ್ಯಾಂಡಿನವರು ಏನು ಮಾಡಬೇಕು? ಪೊಲೀಸರು ಬಂದರೆ ಮೊದಲು ಉತ್ತರ ಹೇಳಬೇಕಾದವರು ಮೈಕ್ ಹಿಡಿದವರೇ.

ಇನ್ನು ಕಾನೂನಿನ ವಿಚಾರ. ಆ್ಯಪ್ ಮೂಲಕ ಊಟ ತಲುಪಿಸುವವರನ್ನು ಇಂದು 'ಗಿಗ್' ಕಾರ್ಮಿಕರು ಎನ್ನುತ್ತಾರೆ. ಆ ಪದ ಹುಟ್ಟಿದ್ದೇ ಅಮೆರಿಕದ ಜಾಝ್ ಸಂಗೀತಗಾರರ ಬಾಯಲ್ಲಿ. ಒಂದು ರಾತ್ರಿಯ ಕಾರ್ಯಕ್ರಮಕ್ಕೆ ಅವರು ಇಟ್ಟ ಹೆಸರು ಅದು. ಕರ್ನಾಟಕ 2025ರಲ್ಲಿ ಜಾರಿಗೆ ತಂದ ಗಿಗ್ ಕಾರ್ಮಿಕರ ಕಾಯಿದೆಯಲ್ಲಿ ಆ್ಯಪ್ ಕಂಪೆನಿಗಳಿಂದ ಕಲ್ಯಾಣ ಶುಲ್ಕ ಸಂಗ್ರಹಿಸುವ ವ್ಯವಸ್ಥೆಯಿದೆ. ಅದೇ ವರ್ಷ ನವೆಂಬರ್ 21ರಂದು ಜಾರಿಯಾದ ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆಯೂ ಇಂತಹ ಕಂಪೆನಿಗಳಿಂದಲೇ ವಂತಿಗೆ ಕೇಳುತ್ತದೆ. ಮದುಮಗನ ಮಾವ ಫೋನ್ ಮಾಡಿ ಗೊತ್ತುಮಾಡಿದ ಗಾಯಕನ ಹಿಂದೆ ಯಾವ ಕಂಪೆನಿಯಿದೆ? ಪದ ಕೊಟ್ಟವರಿಗೇ ಪಾಲಿಲ್ಲ.

ಹಾಗೆಂದು ಕೈಕಟ್ಟಿ ಕೂರಬೇಕಾಗಿಲ್ಲ. ಅಸಂಘಟಿತ ಕಾರ್ಮಿಕರಿಗಾಗಿ 2021ರಲ್ಲಿ ಆರಂಭವಾದ ಇ-ಶ್ರಮ್‌ನಲ್ಲಿ 16ರಿಂದ 59 ವಯಸ್ಸಿನ ಸ್ವಉದ್ಯೋಗಿಗಳು ಹೆಸರು ನೋಂದಾಯಿಸಬಹುದು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ ಸಿಗುತ್ತದೆ. ಕುಂದಾಪುರದ ಕಾರ್ಯಕ್ರಮ ಮುಗಿಸಿ ಮಧ್ಯರಾತ್ರಿ ಹೆದ್ದಾರಿಯಲ್ಲಿ ಮಂಗಳೂರಿಗೆ ಮರಳುವವರಿಗೆ ಇದು ಸಣ್ಣ ವಿಷಯವಲ್ಲ.

ಎಲ್ಲಕ್ಕಿಂತ ಹೆಚ್ಚು ಪೆಟ್ಟು ಬೀಳುವುದು ರದ್ದಾದ ಬುಕ್ಕಿಂಗ್‌ನಿಂದ. ಒಂದು ದಿನಾಂಕಕ್ಕೆ ಮಾತು ಕೊಟ್ಟ ತಂಡ ಅದೇ ದಿನದ ಇತರ ಕರೆಗಳನ್ನು ಬಿಟ್ಟಿರುತ್ತದೆ. ಮನೆಯಲ್ಲಿ ಸಾವಾಗಿ ಮದುವೆ ಮುಂದೆ ಹೋದರೆ ಮುಂಗಡ ಹಣ ವಾಪಸು ಕೇಳುತ್ತಾರೆ. ದುಃಖದ ಮನೆಯೊಂದಿಗೆ ವಾದ ಮಾಡಲು ಯಾರಿಗೂ ಮನಸ್ಸು ಬಾರದು. ಬಾಯಿ ಮಾತಿನ ಒಪ್ಪಂದದಲ್ಲಿ ನಷ್ಟ ಯಾವಾಗಲೂ ಹಾಡುವವನದೇ. ಹೀಗಾಗಿ ಮೊತ್ತ, ಮುಂಗಡ, ಆರಂಭ ಮತ್ತು ಮುಕ್ತಾಯದ ಸಮಯ, ರದ್ದಾದರೆ ಉಳಿಸಿಕೊಳ್ಳುವ ಪಾಲು, ರಾತ್ರಿಯ ಊಟ ಇವಿಷ್ಟೂ ಒಂದು ಹಾಳೆಯಲ್ಲಿದ್ದು ಇಬ್ಬರೂ ಸಹಿ ಹಾಕಬೇಕು. ಇಗರ್ಜಿ ಸಭಾಂಗಣಗಳನ್ನು ಕಾಯ್ದಿರಿಸುವ ಅರ್ಜಿಯ ಜೊತೆಗೇ ಈ ಹಾಳೆಯನ್ನು ಕೊಟ್ಟರೆ ಧರ್ಮಕೇಂದ್ರಗಳಿಗೆ ಖರ್ಚೇನೂ ಇಲ್ಲ. ಮುಂದಿನ ಮದುವೆ ಋತುವಿನ ಬುಕ್ಕಿಂಗ್ ಆರಂಭವಾಗುವ ಮೊದಲು ಪಾಲನಾ ಪರಿಷತ್ತುಗಳು ಇದನ್ನು ಚರ್ಚೆಗೆ ಎತ್ತಿಕೊಳ್ಳಬಹುದು.