ಗಂಡಸರ ಆರೋಗ್ಯ: ಸಂಜೆ ತಪಾಸಣೆ ಬೇಕು



ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ನಲವತ್ತು ದಾಟಿದ ಅನೇಕ ಗಂಡಸರು ಸುಸ್ತು, ನಿದ್ದೆಗೇಡು, ಸಿಡುಕು, ಬೇಸರವನ್ನು ‘ವಯಸ್ಸಾಯ್ತು’ ಎಂದು ನುಂಗಿಕೊಳ್ಳುತ್ತಾರೆ. ಕೆಲವರು ಕುಡಿತಕ್ಕೆ ಬೀಳುತ್ತಾರೆ. ಕೆಲವರು ‘ಪುರುಷತ್ವ’ದ ಜಾಹೀರಾತು ನಂಬಿ ದುಡ್ಡು ಕಳೆದುಕೊಳ್ಳುತ್ತಾರೆ. ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ, ಖಿನ್ನತೆ, ಟೆಸ್ಟೊಸ್ಟೆರಾನ್ ಕೊರತೆಗಳಲ್ಲೂ ಇಂಥ ಲಕ್ಷಣಗಳು ಕಾಣಬಹುದು. ಕಾರಣ ತಿಳಿಯಲು ವೈದ್ಯರ ತಪಾಸಣೆಯೇ ಬೇಕು.

30 ದಾಟಿದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ರಕ್ತದೊತ್ತಡ, ಸಕ್ಕರೆ ತಪಾಸಣೆ ಉಚಿತ. ಆದರೆ ಹೊಲ, ಕೂಲಿಗೆ ಹೋಗುವವರಿಗೆ ಹಗಲು ಬಿಡುವಿರುವುದಿಲ್ಲ. ಆರೋಗ್ಯ ಇಲಾಖೆ ವಾರಕ್ಕೊಂದು ಸಂಜೆ ಪುರುಷರಿಗೆ ತಪಾಸಣೆ, ಆಪ್ತ ಸಮಾಲೋಚನೆ ಏರ್ಪಡಿಸಲಿ. ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಬಸ್ ನಿಲ್ದಾಣ, ಹಾಲಿನ ಡೇರಿ, ರೇಷ್ಮೆಗೂಡಿನ ಮಾರುಕಟ್ಟೆಗಳಲ್ಲಿ ಎದ್ದು ಕಾಣುವಂತೆ ಬರೆಸಬೇಕೆಂದು ವಿನಂತಿ.

– ಓದುಗ, ಕೊಳ್ಳೇಗಾಲ