‘ಎಜುಕೆಬಲ್’ ನಿರಪಾಯದ ಪದವಲ್ಲ

‘ಎಜುಕೆಬಲ್’ ಎಂದರೆ ಕಲಿಸಬಹುದಾದವರು ಎಂದಷ್ಟೇ ಅರ್ಥ, ಅದರಲ್ಲಿ ಅವಮಾನವೇನಿದೆ ಎಂದು ಕಳೆದ ಸಂಚಿಕೆಯ ಲೇಖಕರು ಕೇಳಿದ್ದಾರೆ. ನಿಘಂಟಿನ ಮಟ್ಟಿಗೆ ಸರಿ. ಆದರೆ ಅಮೆರಿಕದ ಶಾಲೆಗಳಲ್ಲಿ ದಶಕಗಳ ಕಾಲ ಅದು ಮಕ್ಕಳ ಮೇಲೆ ಒತ್ತಿದ ಮುದ್ರೆಯಾಗಿತ್ತು. ಐಕ್ಯೂ ಸುಮಾರು 50ರಿಂದ 75 ಇದ್ದವರು ‘ಎಜುಕೆಬಲ್’. ಅದಕ್ಕೂ ಕೆಳಗಿನವರು ‘ಟ್ರೇನಬಲ್’, ಅಂದರೆ ಓದುಬರಹದ ನಿರೀಕ್ಷೆಯೇ ಇಲ್ಲದವರು. ಕ್ಯಾಲಿಫೋರ್ನಿಯಾದಲ್ಲಿ ಆ ‘ಎಜುಕೆಬಲ್’ ತರಗತಿಗಳಿಗೆ ಕಪ್ಪು ಮಕ್ಕಳನ್ನು ಅವರ ಜನಸಂಖ್ಯೆಯ ಪಾಲಿಗಿಂತ ಬಹಳ ಹೆಚ್ಚಾಗಿ ತಳ್ಳಲಾಗಿತ್ತು. 1979ರಲ್ಲಿ ಅಲ್ಲಿನ ‘ಲ್ಯಾರಿ ಪಿ.’ ಎಂಬ ನ್ಯಾಯಾಲಯ ಪ್ರಕರಣದ ತೀರ್ಪು ಇದನ್ನು ತಾರತಮ್ಯವೆಂದೇ ಕರೆಯಿತು. ಇಂಗ್ಲೆಂಡಿನಲ್ಲಂತೂ ‘ಕಲಿಸಲಾಗದವರು’ ಎನಿಸಿಕೊಂಡ ಮಕ್ಕಳು 1971ರವರೆಗೆ ಶಿಕ್ಷಣ ವ್ಯವಸ್ಥೆಯಿಂದ ಹೊರಗೇ ಉಳಿದರು. ಅಂಥ ಮಕ್ಕಳ ಹಣೆಬರಹ ಬರೆದ ಐಕ್ಯೂ ಪರೀಕ್ಷೆಗಳ ಬಗ್ಗೆ ಲೇಖಕರು ಒಂದು ಮಾತನ್ನೂ ಆಡಿಲ್ಲ.